ನಿಧಾನ ಎಲ್ಲಿತ್ತು? ಕೊಡಗಿನ ಒಂದು ಆರೋಗ್ಯ ಕೇಂದ್ರದ ಲೆಕ್ಕದಲ್ಲಿ 2021ರ ಕೋವಿಡ್ ಲಸಿಕೆ

2021ರ ಉದ್ದಕ್ಕೂ ಕೋವಿಡ್ ಲಸಿಕೆಯ ಬಗ್ಗೆ ನಡೆದ ವಾದವೆಲ್ಲ ಒಂದೇ ಅಂಕಿಯನ್ನು ಹಿಡಿದುಕೊಂಡಿತ್ತು: ಇವತ್ತು ದೇಶದಲ್ಲಿ ಎಷ್ಟು ಡೋಸ್ ಹಾಕಿದರು? ಅಂಕಿ ಏರಿದ ದಿನ ಸರ್ಕಾರದ ಪರ ಇದ್ದವರು ಅದನ್ನು ಹಂಚಿಕೊಂಡರು, ಇಳಿದ ದಿನ ವಿರೋಧಿಗಳು ಹಂಚಿಕೊಂಡರು. ಕೊಡಗಿನಂಥ ಜಿಲ್ಲೆಯಲ್ಲಿ ನಿಂತು ನೋಡಿದರೆ ಆ ಅಂಕಿ ಹೇಳುವುದು ಬಹಳ ಕಡಿಮೆ. ಇಲ್ಲಿ ಮಾರ್ಚ್‌ನಲ್ಲಿ ಕೆಲಸ ನಿಧಾನವಾದದ್ದಕ್ಕೆ ಒಂದು ಕಾರಣ, ಮೇ ತಿಂಗಳಿನದಕ್ಕೆ ಬೇರೆಯೇ ಕಾರಣ, ಜುಲೈನದು ಮತ್ತೊಂದು. ಈ ಬೇರೆ ಬೇರೆ ಕಾರಣಗಳನ್ನೆಲ್ಲ ಒಟ್ಟಿಗೆ ಕಲಸಿ 'ರೋಲ್ಔಟ್ (ಲಸಿಕೆ ಹಾಕುವ ಕೆಲಸ) ನಿಧಾನ' ಎಂದು ಕರೆದಿದ್ದರಿಂದಲೇ ಪರಿಹಾರವೂ ತಪ್ಪು ಜಾಗಕ್ಕೆ ಹೋಯಿತು ಎಂಬುದು ಈ ಅಧ್ಯಯನದ ವಾದ.

ಲೆಕ್ಕ ಸ್ಪಷ್ಟವಾಗಲಿ ಎಂದು ಒಂದು ಮಾದರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಇಟ್ಟುಕೊಂಡಿದ್ದೇವೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ ಸರ್ಕಾರದ ಮಾನದಂಡ 20,000 ಜನರಿಗೆ ಒಂದು ಕೇಂದ್ರ. ನಮ್ಮ ಕೇಂದ್ರ ದಕ್ಷಿಣ ಕೊಡಗಿನಲ್ಲಿದೆ ಎಂದುಕೊಳ್ಳಿ. ವ್ಯಾಪ್ತಿಯಲ್ಲಿ ಒಂದು ಸಣ್ಣ ಪೇಟೆ, ಸುತ್ತ ಕಾಫಿ ತೋಟಗಳು, ತೋಟದೊಳಗೆ ಕೂಲಿಯವರ ಲೈನ್ ಮನೆಗಳು, ಕಾಡಂಚಿನಲ್ಲಿ ಎರಡು ಮೂರು ಹಾಡಿ, ಅಂದರೆ ಬುಡಕಟ್ಟು ಜನರ ಕೇರಿ. ಕೇಂದ್ರದ ಅಂಕಿಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ನಿಯಮ, ದಿನಾಂಕ, ದರ ಮಾತ್ರ ಆಗ ಇದ್ದಂತೆಯೇ ಇವೆ.

ಮೊದಲು ದೊಡ್ಡ ಲೆಕ್ಕ

20,000 ಜನರಲ್ಲಿ 18 ದಾಟಿದವರು ಸುಮಾರು 14,000 ಎಂದಿಟ್ಟುಕೊಂಡರೆ ಎರಡು ಡೋಸಿಗೆ 28,000 ಡೋಸ್. ಕೋವಿಶೀಲ್ಡ್ ವಯಲ್ (ಲಸಿಕೆಯ ಸಣ್ಣ ಬಾಟಲಿ) ಒಂದಕ್ಕೆ 10 ಡೋಸ್, ಅಂದರೆ 2,800 ವಯಲ್. ವರ್ಷದಲ್ಲಿ 300 ದಿನ ಕೆಲಸ ನಡೆದರೆ ದಿನಕ್ಕೆ 93 ಡೋಸ್. ಕೇಂದ್ರ ಸರ್ಕಾರದ ಮೊದಲ ಮಾರ್ಗಸೂಚಿ ಒಂದು ಸೆಷನ್‌ಗೆ ಇಟ್ಟಿದ್ದ ಮಿತಿಯೇ 100 ಜನ, ಒಂದು ತಂಡಕ್ಕೆ ಐದು ಮಂದಿ: ಬಾಗಿಲಲ್ಲಿ ಹೆಸರು ನೋಡುವವರು, ಸರ್ಕಾರದ ಕೋವಿನ್ ಪೋರ್ಟಲ್‌ನಲ್ಲಿ ದಾಖಲಿಸುವವರು, ಚುಚ್ಚುವವರು, ಅರ್ಧ ಗಂಟೆ ಕೂರಿಸಿ ಗಮನಿಸಲು ಮತ್ತು ಜನರನ್ನು ಸಂಭಾಳಿಸಲು ಇಬ್ಬರು. ಅಂದರೆ ಒಂದೇ ಒಂದು ತಂಡ ವರ್ಷವಿಡೀ ತಪ್ಪದೆ ಕೂತಿದ್ದರೆ ಇಡೀ ವ್ಯಾಪ್ತಿಯ ಎರಡೂ ಡೋಸ್ ಮುಗಿಯುತ್ತಿತ್ತು.

ಜಿಲ್ಲೆಯ ಮಟ್ಟಕ್ಕೂ ಇದೇ ಮಾತು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ವಯಸ್ಕರು 4 ಲಕ್ಷ ಎಂದು ಹಿಡಿದರೆ 8 ಲಕ್ಷ ಡೋಸ್, 300 ದಿನಕ್ಕೆ ಹಂಚಿದರೆ ದಿನಕ್ಕೆ 2,700ಕ್ಕೂ ಕಡಿಮೆ. ಪೋಲಿಯೋ ಹನಿ ಹಾಕಿ ಪಳಗಿದ ವ್ಯವಸ್ಥೆಗೆ ಇದು ಭಾರಿ ಸಂಖ್ಯೆಯೇನಲ್ಲ. ಆದ್ದರಿಂದ 'ಸಿಬ್ಬಂದಿ ಸಾಲದು, ಅದಕ್ಕೇ ನಿಧಾನ' ಎಂಬ ವಿವರಣೆಯನ್ನು ಇಲ್ಲಿಯೇ ಬದಿಗಿಡಬಹುದು. ತಂಡಕ್ಕೆ ಮುಂಚಿತವಾಗಿ ಗೊತ್ತಿರುವ ದಿನ, ಗೊತ್ತಿರುವಷ್ಟು ಲಸಿಕೆ ಬೇಕಿತ್ತು. ಕೊರತೆ ಇದ್ದದ್ದು ಅಲ್ಲಿ.

ಜನವರಿಯಿಂದ ಮಾರ್ಚ್: ಲಸಿಕೆ ಇತ್ತು, ತೋಳು ಇರಲಿಲ್ಲ

ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಶುರುವಾಯಿತು, ಫೆಬ್ರವರಿ 2ರಿಂದ ಪೊಲೀಸ್, ಕಂದಾಯ, ಪಂಚಾಯಿತಿಯ ಮುಂಚೂಣಿ ಸಿಬ್ಬಂದಿಗೆ, ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು ಪಟ್ಟಿ ಮಾಡಿದ ಕಾಯಿಲೆಗಳಿದ್ದ 45 ದಾಟಿದವರಿಗೆ. ಖಾಸಗಿ ಆಸ್ಪತ್ರೆಯಲ್ಲಿ ಡೋಸಿಗೆ 250 ರೂಪಾಯಿ, ಸರ್ಕಾರಿಯಲ್ಲಿ ಉಚಿತ. ಆಗ ದೇಶದಲ್ಲಿ ನಡೆದ ಚರ್ಚೆ ಎರಡು ಎಳೆಯದ್ದು. ಮೂರನೇ ಹಂತದ ಪ್ರಯೋಗದ ಫಲಿತಾಂಶ ಹೊರಬರುವ ಮೊದಲೇ ಕೋವ್ಯಾಕ್ಸಿನ್‌ಗೆ ಜನವರಿ 3ರಂದು ಅನುಮತಿ ಕೊಟ್ಟದ್ದು ಸರಿಯೇ ಎಂಬುದು ಒಂದು. ನಮ್ಮವರಿಗೇ ಹಾಕಿ ಮುಗಿಯದಿರುವಾಗ ಹೊರದೇಶಗಳಿಗೆ ಲಸಿಕೆ ಕಳಿಸುವುದೇಕೆ ಎಂಬುದು ಇನ್ನೊಂದು. ಏಪ್ರಿಲ್ ಹೊತ್ತಿಗೆ ಒಟ್ಟು ಸುಮಾರು 6.6 ಕೋಟಿ ಡೋಸ್ ಹೊರಗೆ ಹೋಗಿತ್ತು.

ಮಾರ್ಚ್‌ನ ಕೊಡಗಿಗೆ ಈ ಎರಡನೇ ಪ್ರಶ್ನೆ ನೇರವಾಗಿ ತಟ್ಟಿರಲಿಲ್ಲ. ಆ ತಿಂಗಳಲ್ಲಿ ರೋಬಸ್ಟಾ ಕೊಯ್ಲಿನ ಕೊನೆಯ ಸುತ್ತು. ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದು, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯಿಂದ ಗಿಡದ ಬುಡದಲ್ಲೇ. ಲಸಿಕೆಗೆ ಒಂದು ದಿನ, ಮೈಕೈ ನೋವು ಜ್ವರಕ್ಕೆ ಮತ್ತೊಂದೋ ಎರಡೋ ದಿನ. ವರ್ಷದಲ್ಲಿ ಅತಿ ಹೆಚ್ಚು ದುಡಿಮೆಯಾಗುವ ವಾರಗಳಲ್ಲಿ ಎರಡು ಮೂರು ದಿನದ ಸಂಪಾದನೆಯನ್ನು ಬಿಟ್ಟು ಬನ್ನಿ ಎಂದು ಕರೆಯುತ್ತಿದ್ದೆವು. ಇದನ್ನು 'ಹಿಂಜರಿಕೆ' ಎಂದು ವರದಿಯಲ್ಲಿ ಬರೆಯುವುದು ಸುಲಭ, ಅರ್ಧ ಸತ್ಯವೂ ಹೌದು. ಉಳಿದರ್ಧ ಬಟವಾಡೆಯ ಪ್ರಶ್ನೆ. ಚುಚ್ಚಿಸಿಕೊಂಡ ಮರುದಿನಕ್ಕೆ ಹಾಜರಿ ಕೊಡುತ್ತೇನೆ ಎಂದು ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಒಂದು ಮಾತು ಹೇಳಿದ ಕಡೆ, ಆಶಾ ಕಾರ್ಯಕರ್ತೆ ಹತ್ತು ಸಲ ಹೋಗಿ ತಿಳಿಹೇಳಿದ್ದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಗಂಡಸರು ತಪ್ಪಿಸಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಲಸಿಕೆ ಹಾಕಿಸಿಕೊಂಡರೆ ಒಂದೂವರೆ ತಿಂಗಳು ಕುಡಿಯುವ ಹಾಗಿಲ್ಲ ಎಂಬ ಗಾಳಿಮಾತು. ಅಂಥ ನಿಯಮ ಎಲ್ಲೂ ಇರಲಿಲ್ಲ. ಆದರೆ ಅದನ್ನು ಮೈಕ್ ಹಿಡಿದು 'ಕುಡಿಯಬಹುದು' ಎಂದು ಸಾರುವ ಆರೋಗ್ಯ ಸಹಾಯಕಿ ಎಲ್ಲಿ ಸಿಗಬೇಕು?

ಏಪ್ರಿಲ್‌ನ ತಿರುವು

ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ತೆರೆಯಿತು. 11ರಿಂದ 14ರವರೆಗೆ ಟೀಕಾ ಉತ್ಸವ ಎಂಬ ಲಸಿಕಾ ಅಭಿಯಾನ. ಅದೇ ಹೊತ್ತಿಗೆ ಎರಡನೇ ಅಲೆ ಏರಿತು, ಹೆದರಿದ ಜನ ತಾವಾಗಿಯೇ ಬಂದರು. ಏಪ್ರಿಲ್ 11ರಿಂದ ಕೆಲಸದ ಸ್ಥಳದಲ್ಲೂ ಲಸಿಕೆ ಹಾಕಲು ಅವಕಾಶ ಕೊಟ್ಟರು, ಆದರೆ ಷರತ್ತು ನೋಡಿ: ಅಲ್ಲಿ ಸುಮಾರು 100 ಮಂದಿ ಅರ್ಹರು ಇರಬೇಕು. ಕಂಪನಿ ತೋಟಗಳಿಗೆ ಇದು ಸರಿಹೋಗುತ್ತದೆ. ಹತ್ತಿಪ್ಪತ್ತು ಎಕರೆಯ ಬೆಳೆಗಾರನ ಲೈನ್ ಮನೆಯಲ್ಲಿ 45 ದಾಟಿದವರು ಆರೋ ಏಳೋ. ಕೊಡಗಿನ ಹೆಚ್ಚಿನ ತೋಟ ಈ ಎರಡನೆಯ ಜಾತಿಯದ್ದು. ಕಾರ್ಖಾನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ನಿಯಮ ಅದು. ಅಕ್ಕಪಕ್ಕದ ಹತ್ತು ತೋಟದವರನ್ನು ಒಬ್ಬರ ಕಣದಲ್ಲಿ ಸೇರಿಸಿದರೆ ನೂರು ತುಂಬುತ್ತದೆ, ಆದರೆ ಜೀಪು ಕಳಿಸಿ ಜನರನ್ನು ತರುವ ಜವಾಬ್ದಾರಿ ಯಾರದ್ದು ಎಂಬುದು ಪಂಚಾಯಿತಿ ಟಾಸ್ಕ್‌ಫೋರ್ಸ್ ಸಭೆಯಲ್ಲಿ ತೀರ್ಮಾನವಾಗಬೇಕು.

ಮೇ: 150 ಡೋಸ್ ಬಂದರೆ ಅದರಲ್ಲಿ ಎಷ್ಟು ನಿಮಗೆ?

ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಹೊಸ ನೀತಿ ಘೋಷಿಸಿತು. ಮೇ 1ರಿಂದ 18 ದಾಟಿದವರೆಲ್ಲ ಅರ್ಹರು. ತಯಾರಾದದ್ದರಲ್ಲಿ ಅರ್ಧ ಕೇಂದ್ರ ಸರ್ಕಾರಕ್ಕೆ, ಉಳಿದರ್ಧವನ್ನು ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ಕಂಪನಿಗಳಿಂದ ನೇರ ಕೊಳ್ಳಬೇಕು. ಕೋವಿಶೀಲ್ಡ್ ರಾಜ್ಯಗಳಿಗೆ ಮೊದಲು 400, ಟೀಕೆಯ ನಂತರ 300 ರೂಪಾಯಿ, ಖಾಸಗಿಗೆ 600. ಕೋವ್ಯಾಕ್ಸಿನ್ ರಾಜ್ಯಕ್ಕೆ 600ರಿಂದ 400ಕ್ಕೆ ಇಳಿಯಿತು, ಖಾಸಗಿಗೆ 1,200. ಕರ್ನಾಟಕ 2 ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೆಯುವುದಾಗಿ ಹೇಳಿತು, ಅದರಿಂದ ಲಸಿಕೆ ಬರಲಿಲ್ಲ. ಅರ್ಹರ ಸಂಖ್ಯೆ ಹಲವು ಪಟ್ಟು ಹಿಗ್ಗಿತು, ದೇಶದಲ್ಲಿ ಮೇ ತಿಂಗಳಲ್ಲಿ ಹಾಕಿದ ಡೋಸ್ ಏಪ್ರಿಲ್‌ಗಿಂತ ಕಡಿಮೆಯಾಯಿತು. ಮೇ 14ರಿಂದ ರಾಜ್ಯ 18-44ರವರ ಲಸಿಕೆಯನ್ನೇ ನಿಲ್ಲಿಸಿ, ಇದ್ದದ್ದನ್ನು 45 ದಾಟಿದವರ ಎರಡನೇ ಡೋಸಿಗೆ ತಿರುಗಿಸಿತು. ತಿಂಗಳ ಕೊನೆಗೆ ದೇಶದಲ್ಲಿ ಎರಡೂ ಡೋಸ್ ಆದವರು ಜನಸಂಖ್ಯೆಯ ಶೇ 3ರ ಆಸುಪಾಸು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್, 45 ದಾಟಿದವರಿಗೆ ಉಚಿತ, ಅದಕ್ಕಿಂತ ಚಿಕ್ಕವರು ಹಣ ಕೊಡಬೇಕು ಎಂಬ ಭೇದ ಮೇಲ್ನೋಟಕ್ಕೆ ಸ್ವೇಚ್ಛೆಯದು, ತರ್ಕಹೀನ ಎಂದಿತು.

ಇನ್ನು ನಮ್ಮ ಆರೋಗ್ಯ ಕೇಂದ್ರಕ್ಕೆ ಬನ್ನಿ. ಒಂದು ದಿನ 150 ಡೋಸ್ ಬಂದಿದೆ ಎಂದುಕೊಳ್ಳಿ. ಊರಿಗೆಲ್ಲ ಸುದ್ದಿ ಹಬ್ಬಿದ್ದು 'ಲಸಿಕೆ ಬಂದಿದೆ' ಎಂದಷ್ಟೇ. ಕೇಂದ್ರ ಸರ್ಕಾರದಿಂದ ಬಂದದ್ದರಲ್ಲಿ ಕನಿಷ್ಠ ಶೇ 70ನ್ನು ಎರಡನೇ ಡೋಸಿಗೆ ಮೀಸಲಿಡಬೇಕೆಂದು ಆ ತಿಂಗಳು ಸೂಚನೆ ಇತ್ತು. ಅಂದರೆ 105 ಎರಡನೇ ಡೋಸಿಗೆ, 45 ಮೊದಲನೆಯದಕ್ಕೆ. ಆ 105ರಲ್ಲಿ 20 ಕೋವ್ಯಾಕ್ಸಿನ್ ಆಗಿದ್ದರೆ ಅದು ಕೋವ್ಯಾಕ್ಸಿನ್ ಮೊದಲ ಡೋಸ್ ಆದವರಿಗೆ ಮಾತ್ರ, ಅವರಿಗೆ 4ರಿಂದ 6 ವಾರದೊಳಗೆ ಆಗಬೇಕು. ಬೆಳಿಗ್ಗೆ ಆರಕ್ಕೇ ಬಂದು ಚಪ್ಪಲಿ ಸಾಲಿಟ್ಟ 300 ಜನರಲ್ಲಿ ಯಾರು ಯಾವ ಪಟ್ಟಿಯವರು ಎಂದು ವಿಂಗಡಿಸುವುದರಲ್ಲೇ ಬೆಳಿಗ್ಗೆ ಹತ್ತಾಗುತ್ತದೆ. ಅಷ್ಟು ಹೊತ್ತಿಗೆ ಜಗಳ. ಟೋಕನ್ ಹಂಚಿದ ಮೇಲೆ ಜಗಳ ತಣ್ಣಗಾಗುತ್ತದೆ ಎನ್ನುವುದು ಅನುಭವವಿಲ್ಲದವರ ಮಾತು. ಟೋಕನ್ ಹಿಂದಿನ ದಿನವೇ, ಬಣ್ಣ ಬೇರೆ ಮಾಡಿ, ಆಶಾ ಕೈಯಲ್ಲಿ ಮನೆಬಾಗಿಲಿಗೆ ತಲುಪಬೇಕು. ಹಾಗೆ ಮಾಡಲು ನಾಳೆ ಯಾವ ಲಸಿಕೆ ಎಷ್ಟು ಎಂದು ಇವತ್ತು ಮಧ್ಯಾಹ್ನದೊಳಗೆ ತಿಳಿದಿರಬೇಕು. ಅಲ್ಲಿಗೆ ಬಂದು ನಿಲ್ಲುತ್ತದೆ ಎಲ್ಲವೂ.

ವಾರಕ್ಕೆ 900 ಡೋಸ್, ಯಾವ ದಿನವೆಂದು ಗೊತ್ತಿಲ್ಲ. ವಾರಕ್ಕೆ 600, ಮಂಗಳವಾರ 300, ಶುಕ್ರವಾರ 300 ಖಚಿತ. ಈ ಎರಡರಲ್ಲಿ ಆರಿಸು ಎಂದರೆ ಗುಡ್ಡಗಾಡಿನ ಕೇಂದ್ರ ಎರಡನೆಯದನ್ನೇ ಆರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲ, ಆಟೋ ಇಲ್ಲ. ಎಂಟು ಕಿಲೋಮೀಟರ್ ನಡೆದು ಬಂದ ಅಜ್ಜ ಒಮ್ಮೆ ವಾಪಸು ಹೋದರೆ ಎರಡನೇ ಸಲ ಬರುವುದು ಅನುಮಾನ. ಟಿವಿಯ ಚರ್ಚೆಗಳಲ್ಲಿ ಪ್ರಮಾಣದ ಮಾತು ಬಂದಷ್ಟು ಖಚಿತತೆಯ ಮಾತು ಬರಲೇ ಇಲ್ಲ.

ಇದರ ಜೊತೆಗೆ ಸ್ಲಾಟ್. 18-44ರವರು ಮೊದಲು ಆನ್‌ಲೈನ್‌ನಲ್ಲಿ ಬುಕ್ ಮಾಡಿಯೇ ಬರಬೇಕಿತ್ತು. ಸ್ಲಾಟ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿ. ಬೇಗ ಬೆರಳಾಡಿಸುವವನಿಗೆ, ಒಳ್ಳೆ ನೆಟ್‌ವರ್ಕ್ ಇರುವವನಿಗೆ, ಟೆಲಿಗ್ರಾಂ ಅಲರ್ಟ್ ಹಾಕಿಕೊಂಡವನಿಗೆ ಸಿಕ್ಕಿತು. ಬೆಂಗಳೂರಿನಲ್ಲಿ ಸಿಗದವರು ಹೊರಜಿಲ್ಲೆಗಳ ಹಳ್ಳಿ ಕೇಂದ್ರಗಳಲ್ಲಿ ಬುಕ್ ಮಾಡಿಕೊಂಡು ಕಾರಿನಲ್ಲಿ ಬಂದ ಸುದ್ದಿ ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಇತ್ತು. ಒಂದು ಕಡ್ಡಿ ಸಿಗ್ನಲ್‌ಗೆ ಮರದ ತುದಿ ಹುಡುಕುವ ಕಡೆ ಒಟಿಪಿ ಬರುವ ಹೊತ್ತಿಗೆ ಅದರ ಅವಧಿಯೇ ಮುಗಿದಿರುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಮೇ 24ರಂದು ಅವಕಾಶ ಕೊಟ್ಟರು. ಗುರುತಿನ ಚೀಟಿಯೇ ಇಲ್ಲದವರಿಗೆ ಮುಖ್ಯಸ್ಥರೊಬ್ಬರ ಮೂಲಕ ನೋಂದಣಿ ಮಾಡಿಸುವ ಕ್ರಮವೂ ಮೇ ತಿಂಗಳಲ್ಲೇ ಬಂತು. ಹಾಡಿಗಳಿಗೆ ಈ ಎರಡನೆಯದು ಸ್ಲಾಟ್ ಸುಧಾರಣೆಗಿಂತ ದೊಡ್ಡದು. ಆದರೆ ಅದರ ಬಗ್ಗೆ ಚರ್ಚೆ ನಡೆದದ್ದು ಅಷ್ಟಕ್ಕಷ್ಟೆ.

84 ದಿನ

ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರಕ್ಕೆ ಏರಿತು. ಮಾರ್ಚ್‌ನಲ್ಲಷ್ಟೇ ಅದನ್ನು 6-8 ವಾರಕ್ಕೆ ಏರಿಸಿದ್ದರು. ಲಸಿಕೆಯ ಕೊರತೆಯನ್ನು ಮುಚ್ಚಲು ವಿಜ್ಞಾನದ ಹೆಸರು ಎಂದು ಒಂದು ಪಕ್ಷ, ವಿಜ್ಞಾನವೇ ಹಾಗೆ ಹೇಳುತ್ತಿದೆ ಎಂದು ಇನ್ನೊಂದು ಪಕ್ಷ. ಫೆಬ್ರವರಿಯಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಕ್ಸ್‌ಫರ್ಡ್ ಪ್ರಯೋಗಗಳ ವಿಶ್ಲೇಷಣೆಯಲ್ಲಿ 12 ವಾರ ಅಥವಾ ಹೆಚ್ಚು ಅಂತರ ಕೊಟ್ಟಾಗ ಪರಿಣಾಮ ಶೇ 81.3, ಆರು ವಾರಕ್ಕಿಂತ ಕಡಿಮೆ ಅಂತರದಲ್ಲಿ ಶೇ 55.1. ಅಂದರೆ ಆಧಾರ ಇತ್ತು. ಆ ಆಧಾರ ಫೆಬ್ರವರಿಯಿಂದ ಇದ್ದರೂ ನೆನಪಾದದ್ದು ಮೇ ತಿಂಗಳ ಬರಗಾಲದಲ್ಲಿ ಎಂಬುದೂ ನಿಜ. ಎರಡೂ ಪಕ್ಷದ ಮಾತು ಒಟ್ಟಿಗೆ ಸರಿಯಿರಬಾರದು ಎಂದೇನಿಲ್ಲವಲ್ಲ.

ನಮ್ಮ ಆರೋಗ್ಯ ಕೇಂದ್ರದಲ್ಲಿ ಆದದ್ದೇನು? ಮಾರ್ಚ್ ಕೊನೆಯಲ್ಲಿ ಮೊದಲ ಡೋಸ್ ಆಗಿ, ಎರಡನೆಯದಕ್ಕೆ ಹಗಲೂ ರಾತ್ರಿ ಫೋನ್ ಮಾಡುತ್ತಿದ್ದವರೆಲ್ಲ ಒಂದೇ ದಿನದಲ್ಲಿ ಪಟ್ಟಿಯಿಂದ ಹೊರಬಿದ್ದರು. 84 ದಿನ ಆಗದೆ ಕೋವಿನ್ ಹೆಸರನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಒತ್ತಡ ಇಳಿಯಿತು. ಆದರೆ ಅದು ಕರಗಿ ಹೋಗಲಿಲ್ಲ, ಮುಂದಕ್ಕೆ ಸರಿಯಿತು. ಎಲ್ಲಿಗೆ? ಟೀಕಾ ಉತ್ಸವದ ಏಪ್ರಿಲ್ 11ಕ್ಕೆ 84 ದಿನ ಕೂಡಿಸಿದರೆ ಜುಲೈ 4, ಏಪ್ರಿಲ್ 14ಕ್ಕೆ ಜುಲೈ 7. ಕೊಡಗಿನಲ್ಲಿ ಜುಲೈ ಮೊದಲ ವಾರ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಗದ್ದೆಯಲ್ಲಿ ನಾಟಿಯ ತಯಾರಿ, ತೋಟದಲ್ಲಿ ಮರಗಸಿಯ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸದ) ಬಾಕಿ, ಹೊಳೆ ದಾಟುವ ಕಡೆ ನೀರು, ಭಾಗಮಂಡಲದಲ್ಲಿ ಸಂಗಮ ತುಂಬಿದರೆ ಆಗ ರಸ್ತೆಯೇ ಇರುತ್ತಿರಲಿಲ್ಲ. ದೆಹಲಿಯಲ್ಲಿ ಅಂತರ ಬದಲಿಸಿದಾಗ ಕೊಡಗಿನ ಸರದಿ ಮುಂಗಾರಿಗೆ ಬಂದು ಬಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಕ್ಯಾಲೆಂಡರ್ ತೆರೆದು ನೋಡಿದವರೂ ಇರಲಿಲ್ಲ.

ಮೆಗಾ ದಿನಗಳಿಗೂ ಇದೇ ಪ್ರತಿಧ್ವನಿ. ಸೆಪ್ಟೆಂಬರ್ 17ರಂದು ದೇಶದಲ್ಲಿ ಒಂದೇ ದಿನ 2.5 ಕೋಟಿ ಡೋಸ್ ಬಿತ್ತು. ಅಂದು ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿಕೊಂಡವರ 84 ದಿನ ಮುಗಿಯುವುದು ಡಿಸೆಂಬರ್ 10ಕ್ಕೆ, ಅರೇಬಿಕಾ ಕೊಯ್ಲಿನ ನಡುವೆ. ಒಂದು ದಿನದ ದಾಖಲೆ ಮೂರು ತಿಂಗಳ ನಂತರದ ಒಂದು ದಿನವನ್ನೂ ತುಂಬಿಸಿ ಇಡುತ್ತದೆ. ಅಂಥ ದಿನಕ್ಕೆ ಮುನ್ನ ನಾಲ್ಕೈದು ದಿನ ಸ್ಟಾಕ್ ಹಿಡಿದಿಟ್ಟರೆ ಗ್ರಾಫ್‌ನಲ್ಲಿ ಗೋಪುರ ಕಾಣುತ್ತದೆ, ಅದರ ಎರಡೂ ಬದಿಯ ಹಳ್ಳವನ್ನು ಯಾರೂ ತೋರಿಸುವುದಿಲ್ಲ.

ಮಳೆಗಾಲದ ಕೆಲಸ: ಪೆಟ್ಟಿಗೆ, ಐಸ್, ನಾಲ್ಕು ಗಂಟೆ

ಜೂನ್ 7ರಂದು ಪ್ರಧಾನಿ ನೀತಿ ಬದಲಿಸಿದರು. ಜೂನ್ 21ರಿಂದ ಶೇ 75ನ್ನು ಕೇಂದ್ರ ಸರ್ಕಾರವೇ ಕೊಂಡು 18 ದಾಟಿದ ಎಲ್ಲರಿಗೂ ಉಚಿತ, ಶೇ 25 ಖಾಸಗಿಗೆ, ಸೇವಾ ಶುಲ್ಕ ಗರಿಷ್ಠ 150 ರೂಪಾಯಿ. ಪೂರೈಕೆ ನಿಧಾನವಾಗಿ ಹಿಗ್ಗತೊಡಗಿತು. ಕೊಡಗಿನಲ್ಲಿ ಪಾಸಿಟಿವಿಟಿ ಇನ್ನೂ ಇಳಿದಿರಲಿಲ್ಲ. ಜೂನ್ ಮಧ್ಯದಲ್ಲಿ ರಾಜ್ಯ 19 ಜಿಲ್ಲೆ ಸಡಿಲಿಸಿದಾಗ ಬಿಗಿ ಉಳಿದ 11ರಲ್ಲಿ ಕೊಡಗೂ ಒಂದು. ಆಗಸ್ಟ್‌ನಲ್ಲಿ ಕೇರಳದ ಗಡಿಯ ಕಾರಣಕ್ಕೆ ಮತ್ತೆ ವಾರಾಂತ್ಯದ ಕರ್ಫ್ಯೂ. ಈ ಹಂತದಲ್ಲಿ ತಡೆ ಇದ್ದದ್ದು ಕೊನೆಯ ಹತ್ತು ಕಿಲೋಮೀಟರಿನಲ್ಲಿ.

ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಗಿಂತ ದೊಡ್ಡ ಶತ್ರು ಹೆಪ್ಪುಗಟ್ಟುವುದು. ಹೆಪ್ಪುಗಟ್ಟಿದ ವಯಲ್ ಎಸೆಯಬೇಕಾದ್ದೇ. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಲಸಿಕೆ ಒಯ್ಯುವ ಪೆಟ್ಟಿಗೆಗೆ (ಕ್ಯಾರಿಯರ್) ಹಾಕಿದರೆ ಪಕ್ಕದ ವಯಲ್ ಹಾಳು. ಆದ್ದರಿಂದ ಹದ ಮಾಡಬೇಕು: ಮೇಜಿನ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು, ಮೇಲೆ ನೀರಹನಿ ಮೂಡಿ, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳುವವರೆಗೆ ಕಾಯಬೇಕು. ಒರೆಸಿ, ನಾಲ್ಕನ್ನು ಕ್ಯಾರಿಯರ್‌ನ ನಾಲ್ಕು ಗೋಡೆಗೆ ನಿಲ್ಲಿಸಿ, ನಡುವೆ ಜಿಪ್ ಚೀಲದಲ್ಲಿ ವಯಲ್. 20 ಡಿಗ್ರಿ ಕೋಣೆಯಲ್ಲಿ ಇದಕ್ಕೆ ಒಂದು ಗಂಟೆಯವರೆಗೆ ಬೇಕು. ಮಳೆಗಾಲದ ಬೆಳಿಗ್ಗೆ ಇಲ್ಲಿಯ ಕೋಣೆ ಅದಕ್ಕಿಂತ ತಣ್ಣಗೆ, ಆದ್ದರಿಂದ ಹೊತ್ತು ಇನ್ನೂ ಹೆಚ್ಚು. ಏಳಕ್ಕೆ ಜೀಪು ಹೊರಡಬೇಕಾದರೆ ಐದೂವರೆಗೆ ಯಾರೋ ಫ್ರೀಜರ್ ತೆಗೆಯಬೇಕು. ಅವಸರದಲ್ಲಿ ಈ ಹೆಜ್ಜೆ ತಪ್ಪಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಅದೇ ಅಪಾಯ.

ಕರೆಂಟು ಇನ್ನೊಂದು. ಮರ ಬಿದ್ದು ದಿನಗಟ್ಟಲೆ ಲೈನ್ ಇಲ್ಲದಿರುವುದು ಇಲ್ಲಿ ಪ್ರತಿ ಮಳೆಗಾಲದ ಕಥೆ. ಲಸಿಕೆ ಇಡುವ ಐಎಲ್ಆರ್‌ಗೆ (ಒಳಗೋಡೆಯಲ್ಲಿ ಐಸ್ ಇರುವ ಫ್ರಿಜ್) ದಿನಕ್ಕೆ ಎಂಟು ಗಂಟೆ ವಿದ್ಯುತ್ ಸಿಕ್ಕರೂ ಸಾಕು, ಅದು ಕಾಯ್ದುಕೊಳ್ಳುತ್ತದೆ. ಡೀಪ್ ಫ್ರೀಜರ್‌ಗೆ ಆ ಗುಣ ಇಲ್ಲ. ಆದ್ದರಿಂದ ಕರೆಂಟು ಹೋದಾಗ ಮೊದಲು ಕೈಕೊಡುವುದು ಲಸಿಕೆ ಅಲ್ಲ, ಐಸ್. ಐಸ್ ಇಲ್ಲ ಎಂದರೆ ಕ್ಯಾರಿಯರ್ ಇಲ್ಲ, ಅಂದರೆ ಅಂದಿನ ಹಾಡಿಯ ಸುತ್ತು ರದ್ದು. ಜನರೇಟರ್‌ನ ಡೀಸೆಲ್ ಯಾವ ಖಾತೆಯಿಂದ ಎಂಬುದು ಜೂನ್‌ಗೆ ಮೊದಲೇ ಇತ್ಯರ್ಥವಾಗಿರಬೇಕು.

ಈಗ ನಾಲ್ಕು ಗಂಟೆಯ ನಿಯಮ. ವಯಲ್ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಅಥವಾ ಸೆಷನ್ ಮುಗಿಯುವಾಗ, ಯಾವುದು ಮೊದಲೋ ಅದು. ಉಳಿದದ್ದು ವ್ಯರ್ಥ. (ಕೋವ್ಯಾಕ್ಸಿನ್‌ಗೆ ತೆರೆದ ಮೇಲೆ 28 ದಿನದ ಅವಕಾಶ ಬಂದದ್ದು ಆಮೇಲೆ.) ಲೈನ್ ಮನೆಯಲ್ಲಿ 23 ಜನ ಇದ್ದಾರೆ ಎನ್ನಿ. ಎರಡು ವಯಲ್ ತೆರೆದರೆ 20. ಕೋವಿಶೀಲ್ಡ್ ವಯಲ್‌ನಲ್ಲಿ ಸ್ವಲ್ಪ ಹೆಚ್ಚುವರಿ ತುಂಬಿರುವುದರಿಂದ ಪಳಗಿದ ಕೈ 11ನೇ ಡೋಸನ್ನೂ ಎಳೆಯುತ್ತದೆ, ಆಗ 22. ಕೇರಳ ಮೇ ಮೊದಲ ವಾರದ ಹೊತ್ತಿಗೆ ಒಟ್ಟು 73,38,806 ಡೋಸ್ ಪಡೆದು 74,26,164 ಹಾಕಿದ್ದು ಈ ಕೈಚಳಕದಿಂದಲೇ. ಗಡಿಯಾಚೆಯ ನರ್ಸ್‌ಗಳಿಗೆ ಆ ಹೊಗಳಿಕೆ ಸಲ್ಲಬೇಕಾದ್ದೇ. ಆದರೂ ನಮ್ಮ ಲೈನ್ ಮನೆಯಲ್ಲಿ ಒಬ್ಬಳು ಉಳಿದಳು. ಅವಳಿಗಾಗಿ ಮೂರನೇ ವಯಲ್ ತೆರೆದರೆ ಒಂಬತ್ತು ಡೋಸ್ ಚೆಲ್ಲಬೇಕು, ವ್ಯರ್ಥದ ಪ್ರಮಾಣಕ್ಕೆ ಮೇಲಿನಿಂದ ವಿವರಣೆ ಕೇಳುತ್ತಾರೆ. ತೆರೆಯದಿದ್ದರೆ ಅವಳಿಗೆ ಮತ್ತೆ ಹದಿನೈದು ದಿನ.

ಮೇ ತಿಂಗಳ ಬರದಲ್ಲಿ ವ್ಯರ್ಥ ತಗ್ಗಿಸುವುದು ಸರಿಯಾದ ಗುರಿ. ಸೆಪ್ಟೆಂಬರ್‌ನಲ್ಲಿ, ಉಗ್ರಾಣದಲ್ಲಿ ವಯಲ್ ಇದ್ದಾಗಲೂ ಅದೇ ಗುರಿಯನ್ನು ಹಿಡಿದುಕೊಂಡರೆ ದೂರದವರೇ ಉಳಿಯುತ್ತಾರೆ. ಈ ಬದಲಾವಣೆ ಬೇಕೆಂದು ದೊಡ್ಡ ದನಿಯಲ್ಲಿ ಯಾರೂ ಕೇಳಲಿಲ್ಲ. 'ಲಸಿಕೆ ಪೋಲು' ಎಂಬ ತಲೆಬರಹಕ್ಕೆ ಎಲ್ಲ ಪಕ್ಷದವರೂ ಹೆದರುತ್ತಿದ್ದರು. ಪೋಲಾದ ಒಂಬತ್ತು ಡೋಸ್ ಲೆಕ್ಕಕ್ಕೆ ಸಿಗುತ್ತದೆ, ವಾಪಸು ಹೋದ ಒಬ್ಬಳು ಸಿಗುವುದಿಲ್ಲ.

ತಂಡದ ಮಟ್ಟದಲ್ಲಿ ಮಾಡಬಹುದಾದದ್ದು ದಾರಿಯ ಯೋಜನೆ. ಐದು ಲೈನ್ ಮನೆಗಳಿಗೆ ಐದು ಸೆಷನ್ ಎಂದು ಹಾಕದೆ ಇಡೀ ಸುತ್ತನ್ನು ಒಂದು ಸಂಚಾರಿ ಸೆಷನ್ ಎಂದು ಪೋರ್ಟಲ್‌ನಲ್ಲಿ ಹಾಕಬೇಕು. ವಯಲ್ ಮೇಲೆ ತೆರೆದ ಸಮಯ ಬರೆಯಬೇಕು. ಜನ ಹೆಚ್ಚಿರುವ ಕಡೆ ಮೊದಲು, ಕಡಿಮೆ ಇರುವ ಕಡೆ ಕೊನೆಗೆ, ಸುತ್ತು ಮುಗಿಯುವುದು ಪೇಟೆಯ ಹತ್ತಿರ. ಪೇಟೆಯಲ್ಲಿ ಹದಿನೈದು ನಿಮಿಷದಲ್ಲಿ ಬರಬಲ್ಲ ಹತ್ತು ಜನರ ಹೆಸರು ಫೋನ್ ಸಮೇತ ಕೈಯಲ್ಲಿದ್ದರೆ ಕೊನೆಯ ವಯಲ್ ಎಂದೂ ಚೆಲ್ಲುವುದಿಲ್ಲ. ಹೊತ್ತು ಸಂಜೆ ನಾಲ್ಕರ ನಂತರ, ತೋಟದ ಕೆಲಸ ಬಿಟ್ಟ ಮೇಲೆ. ದಿನ ಶನಿವಾರವಾದರೆ ಜ್ವರ ಬಂದರೂ ಭಾನುವಾರದ ರಜೆಯಲ್ಲೇ ಕಳೆಯುತ್ತದೆ. ಗುರುವಾರ ಮಾತ್ರ ಬೇಡ, ಅಂದು ಮಕ್ಕಳ ಲಸಿಕೆ. ಕೋವಿಡ್ ಗದ್ದಲದಲ್ಲಿ ಮಕ್ಕಳ ಡಿಪಿಟಿ, ದಡಾರ ಬಿಟ್ಟುಹೋದರೆ ಅದರ ಸಾಲವನ್ನು ಬೇರೆ ವರ್ಷ ತೀರಿಸಬೇಕಾಗುತ್ತದೆ.

ಹಾಡಿಗೆ ಹೋಗುವಾಗ ಇದರ ಮೇಲೆ ಇನ್ನೂ ಒಂದು ಸುತ್ತು ಬೇಕು. ಯರವರು, ಜೇನು ಕುರುಬರು ಇರುವ ಕಡೆ ಜೀಪು, ಬಿಳಿ ಕೋಟು, ಪೊಲೀಸ್ ಮೂರೂ ಒಟ್ಟಿಗೆ ಬಂದರೆ ಜನ ಕಾಡಿನ ಕಡೆ ಜಾಗ ಖಾಲಿ ಮಾಡುತ್ತಾರೆ. ಅವರ ಅನುಭವದಲ್ಲಿ ಹಾಗೆ ಬಂದವರು ಒಳ್ಳೆಯದಕ್ಕೆ ಬಂದದ್ದು ಕಡಿಮೆ. ಮೊದಲ ಸಲ ಲಸಿಕೆ ಇಲ್ಲದೆ ಹೋಗಬೇಕು. ಅಂಗನವಾಡಿ ಕಾರ್ಯಕರ್ತೆ, ಆಶ್ರಮ ಶಾಲೆಯ ಮೇಷ್ಟ್ರು, ಹಾಡಿಯ ಯಜಮಾನರ ಜೊತೆ ಕೂತು ಅವರ ಮಾತಿನಲ್ಲೇ ಹೇಳಬೇಕು: ಒಂದು ದಿನ ಜ್ವರ ಬರಬಹುದು, ಬಂದರೆ ಈ ಮಾತ್ರೆ. ಜ್ವರ ಬರುವುದೇ ಇಲ್ಲ ಎಂದು ಭರವಸೆ ಕೊಟ್ಟ ತಂಡಕ್ಕೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. ಯಜಮಾನರು ಮೊದಲು ಚುಚ್ಚಿಸಿಕೊಂಡು ಮೂರು ದಿನ ಆರಾಮಾಗಿ ಓಡಾಡಿದ ಮೇಲೆ ಉಳಿದವರು ಬರುತ್ತಾರೆ. ಇಷ್ಟಕ್ಕೆ ಎರಡು ವಾರ ಹಿಡಿಯುತ್ತದೆ, ಆ ಎರಡು ವಾರ ದೈನಿಕ ವರದಿಯಲ್ಲಿ ಸೊನ್ನೆ.

ರೈಟರ್ ಮೊಬೈಲ್‌ನ ನಾಲ್ಕು ಹೆಸರು

ವರ್ಷದ ಕೊನೆಯ ತಿಂಗಳುಗಳಲ್ಲಿ ಕೈಯಲ್ಲಿ ಲಸಿಕೆ ಇತ್ತು, ಅಕ್ಟೋಬರ್ 21ಕ್ಕೆ ದೇಶ 100 ಕೋಟಿ ದಾಟಿತು, ನವೆಂಬರ್‌ನಿಂದ 'ಹರ್ ಘರ್ ದಸ್ತಕ್' ಎಂದು ಮನೆಮನೆ ಸುತ್ತು ಶುರುವಾಯಿತು. ಡಿಸೆಂಬರ್ ಕೊನೆಗೆ ಒಟ್ಟು ಸುಮಾರು 145 ಕೋಟಿ. ಮೇ ತಿಂಗಳಲ್ಲಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 216 ಕೋಟಿ ಸಿಗುತ್ತದೆ ಎಂದಿದ್ದರು, ಜೂನ್‌ನಲ್ಲಿ ಕೋರ್ಟಿಗೆ 135 ಕೋಟಿ ಎಂದರು. ಮೊದಲ ಅಂಕಿ ಹೇಳದೇ ಇದ್ದಿದ್ದರೆ ಎರಡನೆಯದು ಸೋಲಿನಂತೆ ಕಾಣುತ್ತಿರಲಿಲ್ಲ.

ಈ ಹಂತದಲ್ಲಿ ಎರಡನೇ ಡೋಸ್ ಬಾಕಿ ಇರುವವರನ್ನು ಹುಡುಕುವುದೇ ಕೆಲಸ. ಕೋವಿನ್‌ನ ಬಾಕಿ ಪಟ್ಟಿ ತೆಗೆದರೆ ಒಂದೇ ನಂಬರಿಗೆ ನಾಲ್ಕು ಹೆಸರು. ಒಂದು ಮೊಬೈಲ್‌ಗೆ ನಾಲ್ವರನ್ನು ನೋಂದಾಯಿಸಬಹುದಿತ್ತು. ಸ್ವಂತ ಫೋನ್ ಇಲ್ಲದ ಕೂಲಿಯವರಿಗೆ ತೋಟದ ರೈಟರೋ ಮೇಸ್ತ್ರಿಯೋ ತಮ್ಮ ನಂಬರ್ ಕೊಟ್ಟರೆ ಅಂದಿನ ಮಟ್ಟಿಗೆ ಅದು ಉಪಕಾರ. 84 ದಿನದ ನಂತರ ಅಸ್ಸಾಂನವರು ಊರಿಗೆ ಹೋಗಿರುತ್ತಾರೆ, ಅಥವಾ ಸಿದ್ದಾಪುರ ಬಿಟ್ಟು ಸೋಮವಾರಪೇಟೆ ಕಡೆಯ ತೋಟಕ್ಕೆ. ಮೆಸೇಜು ಬರುವುದು ರೈಟರಿಗೆ. ಹೊಸ ಜಾಗದಲ್ಲಿ ಬೇರೆ ನಂಬರ್ ಕೊಟ್ಟು ಹಾಕಿಸಿಕೊಂಡರೆ ಕೋವಿನ್‌ಗೆ ಅದು ಮತ್ತೊಂದು ಮೊದಲ ಡೋಸ್. ತೋಳಿನಲ್ಲಿ ಎರಡು ಡೋಸ್, ದಾಖಲೆಯಲ್ಲಿ ಎರಡು ಮೊದಲ ಡೋಸ್, ಎರಡನೆಯದು ಸೊನ್ನೆ. ಬಾಕಿ ಪಟ್ಟಿಯಲ್ಲಿ ಅದೇ ವ್ಯಕ್ತಿ ಎರಡು ಸಲ. ಜಿಲ್ಲೆಯ ಎರಡನೇ ಡೋಸ್ ಪ್ರಮಾಣ ಕಡಿಮೆ ಕಂಡದ್ದರಲ್ಲಿ ಇಂಥ ಹೆಸರುಗಳ ಪಾಲೂ ಇರುತ್ತದೆ.

ಇದರ ತಿರುವುಮುರುವೂ ಆಯಿತು. ನೆಟ್‌ವರ್ಕ್ ಇಲ್ಲದ ಕಡೆ ಕಾಗದದಲ್ಲಿ ಬರೆದುಕೊಂಡು ಸಂಜೆ ಕೇಂದ್ರಕ್ಕೆ ಬಂದು ಏರಿಸುವಾಗ ಒಂದು ಸಾಲು ಜಾರಿದರೆ, ಹಾಕಿಸಿಕೊಂಡವರಿಗೆ ಮೆಸೇಜಿಲ್ಲ, ಹಾಕಿಸಿಕೊಳ್ಳದವರಿಗೆ ಅಭಿನಂದನೆ. ಅಂಥವರು ಲಸಿಕೆಗೆ ಬಂದರೆ 'ನಿಮಗೆ ಆಗಿದೆ' ಎನ್ನುತ್ತದೆ ಪೋರ್ಟಲ್.

ಸರಿಪಡಿಸುವುದು ಹೀಗೆ. ಕಾಗದದ ಪಟ್ಟಿಯಲ್ಲಿ ಹೆಸರು, ಗುರುತಿನ ಚೀಟಿಯ ಕೊನೆಯ ನಾಲ್ಕು ಅಂಕಿ, ಮೊಬೈಲ್ ಯಾರದ್ದು, ವಯಲ್‌ನ ಬ್ಯಾಚ್ ನಂಬರ್, ಈ ನಾಲ್ಕೂ ಇರಬೇಕು. ಫೋನ್ ಇಲ್ಲದವರ ಕೈಗೆ ಲಸಿಕೆಯ ಹೆಸರು, ದಿನಾಂಕ, ಬಳಸಿದ ನಂಬರ್, ಎರಡನೇ ಡೋಸಿನ ದಿನ ಬರೆದ ಚೀಟಿ ಕೊಡಬೇಕು. ಆಧಾರ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ ಎಂದರೆ ಮಳೆಯಲ್ಲೂ ಉಳಿಯುತ್ತದೆ. ಎರಡು ಮೊದಲ ಡೋಸ್ ಬಿದ್ದವರಿಗೆ ಕೋವಿನ್‌ನ ದೂರು ವಿಭಾಗದಲ್ಲಿ ಎರಡು ಪ್ರಮಾಣಪತ್ರ ಸೇರಿಸುವ ಆಯ್ಕೆ ಇತ್ತು. ಆದರೆ ಅದಕ್ಕೆ ಒಟಿಪಿ ಬೇಕಿತ್ತು, ಹಳೆಯ ನಂಬರ್ ರೈಟರ್‌ದು. ಆದ್ದರಿಂದ ತಂಡ ಮನೆಮನೆ ಸುತ್ತಿಗೆ ಹೊರಡುವ ಮುನ್ನ ಮೊದಲ ಫೋನ್ ಮಾಡಬೇಕಾದದ್ದು ತೋಟದ ರೈಟರುಗಳಿಗೆ, ಪಟ್ಟಿಯಲ್ಲಿ ಅವರ ನಂಬರ್ ಎದುರಿನ ನಾಲ್ಕು ಹೆಸರು ಓದಿ, ಯಾರು ಈಗ ಎಲ್ಲಿದ್ದಾರೆ ಎಂದು ಹಾಜರಿ ಪುಸ್ತಕ ನೋಡಿ ಹೇಳಲು.